ಗೋಲು ಬಿದ್ದ ಮೇಲಿನ ಅರ್ಧ ನಿಮಿಷ

ಬೆಂಗಳೂರಿನ ಒಂದು ಕಾಲೇಜಿನ ಮಹಿಳಾ ಫುಟ್‌ಬಾಲ್ ತಂಡಕ್ಕೆ ನಾನು ಕೋಚ್. ನಮ್ಮ ಹುಡುಗಿಯರು ಆಟದಲ್ಲಿ ಯಾರಿಗೂ ಕಮ್ಮಿಯಿಲ್ಲ. ಬೆಳಗಾವಿಯವರು ಗಲ್ಲಿಯಲ್ಲೇ ಚೆಂಡು ಒದ್ದು ಬೆಳೆದವರು, ಕೊಡಗಿನವರು ಹಾಕಿ ಬಿಟ್ಟು ಇತ್ತ ಬಂದವರು. ಆದರೆ ಒಂದು ಗೋಲು ಬಿದ್ದರೆ ಅದರ ಬೆನ್ನಿಗೇ ಇನ್ನೊಂದು ಬೀಳುತ್ತಿತ್ತು. ಮೊಬೈಲಿನಲ್ಲಿ ತೆಗೆದ ವಿಡಿಯೊ ಹಿಂದಕ್ಕೆ ಓಡಿಸಿ ನೋಡಿದಾಗ ಕಾರಣ ಕಂಡಿತು. ಡಿಫೆಂಡರ್ ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದಾಳೆ, ಇನ್ನಿಬ್ಬರು ಪರಸ್ಪರ ಕೈ ತೋರಿಸಿ ಬೈದಾಡುತ್ತಿದ್ದಾರೆ, ಕೀಪರ್ ಸಿಟ್ಟಿನಲ್ಲಿ ನೆಟ್‌ಗೆ ಒದೆಯುತ್ತಿದ್ದಾಳೆ. ಕಿಕ್‌ಆಫ್, ಅಂದರೆ ಮಧ್ಯದಿಂದ ಆಟ ಮತ್ತೆ ಶುರು ಆಗುವಾಗ ಗ್ರೌಂಡಿನಲ್ಲಿ ಹನ್ನೊಂದು ಜನ, ಆಟದಲ್ಲಿ ಮನಸ್ಸಿರುವವರು ಆರೇಳು ಜನ.

"ಧೈರ್ಯ ತಗೊಳ್ಳಿ" ಅಂದರೆ ಯಾರೂ ತಗೊಳ್ಳುವುದಿಲ್ಲ. ಹಾಗಾಗಿ ಆ ಅರ್ಧ ನಿಮಿಷವನ್ನೇ ಪ್ರಾಕ್ಟೀಸಿಗೆ ಹಾಕಿದೆ, ಕಾರ್ನರ್ ಕಿಕ್ ಕಲಿಸುವ ಹಾಗೆ. ಗೋಲು ಬಿದ್ದೊಡನೆ ನೆಟ್‌ನಿಂದ ಚೆಂಡು ತರುವುದು ಹತ್ತಿರದ ಸೈಡ್ ಬ್ಯಾಕ್ ಕೆಲಸ. ಕೀಪರ್ ತನ್ನ ಗ್ಲೌಸ್ ಪಟ್ಟಿ ಬಿಚ್ಚಿ ಮತ್ತೆ ಬಿಗಿಯಬೇಕು. ವೆಲ್ಕ್ರೊ ಪರ್‍ರ್ ಅಂದರೆ ಆ ಗೋಲಿನ ಲೆಕ್ಕ ಅಲ್ಲಿಗೆ ಚುಕ್ತಾ. ಸೆಂಟರ್ ಬ್ಯಾಕ್ "ಮುಂದಿಂದು!" ಅಂತ ಕೂಗುತ್ತಾಳೆ. ಎಲ್ಲರೂ ಒಂದು ದೀರ್ಘ ಉಸಿರು ತೆಗೆದುಕೊಂಡು, ಅದಕ್ಕಿಂತ ನಿಧಾನವಾಗಿ ಬಿಡುತ್ತಾರೆ. ತಪ್ಪು ಯಾರದು ಎಂಬ ಪಂಚಾಯಿತಿ ಏನಿದ್ದರೂ ಹಾಫ್‌ಟೈಮಿನಲ್ಲಿ. 2016ರಿಂದ ಕಿಕ್‌ಆಫ್ ಚೆಂಡನ್ನು ಯಾವ ದಿಕ್ಕಿಗಾದರೂ ಆಡಬಹುದು; ಇದು ನಮಗೆ ಬಹಳ ಅನುಕೂಲವಾಯಿತು. ಮೊದಲ ಪಾಸ್ ಹಿಂದಕ್ಕೆ, ಆಮೇಲೆ ಮೂರು ನಾಲ್ಕು ಸುಲಭದ ಪಾಸ್. ಚೆಂಡು ಕಾಲಿಗೆ ತಾಗಿದರೆ ಅರ್ಧ ಗಾಬರಿ ಇಳಿಯುತ್ತದೆ.

ಪ್ರಾಕ್ಟೀಸ್ ಪಂದ್ಯವನ್ನು 0–1ರಿಂದ ಶುರುಮಾಡಿಸಿ, ಹತ್ತೇ ನಿಮಿಷ ಕೊಡುತ್ತೇನೆ. ರೆಫರಿ ನಾನೇ. ಬೇಕೆಂದೇ ತಪ್ಪು ತೀರ್ಪು ಕೊಡುತ್ತೇನೆ. "ಮ್ಯಾಮ್, ಅದು ಆಫ್‌ಸೈಡೇ ಅಲ್ಲ!" ಅಂತ ನನ್ನತ್ತ ತಿರುಗಿದವಳ ಬೆನ್ನ ಹಿಂದೆಯೇ ಎದುರಾಳಿಗಳು ಫ್ರೀಕಿಕ್ ಹೊಡೆದು ಬಾಕ್ಸ್ ತಲುಪಿರುತ್ತಿದ್ದರು. ಒಂದೆರಡು ಸಲ ಹಾಗಾದ ಮೇಲೆ ವಾದ ನಿಂತಿತು, ನನ್ನ ಜೊತೆ ಮಾತ್ರ. ಹಾಸ್ಟೆಲ್ ವಾರ್ಡನ್ ಜೊತೆ ಇನ್ನೂ ನಡೆದೇ ಇದೆ.

ಪೆನಾಲ್ಟಿಯನ್ನು ಮೈ ದಣಿದ ಮೇಲೆಯೇ ಹೊಡೆಸುವುದು. ಮಧ್ಯದ ಗೆರೆಯಿಂದ ಒಬ್ಬಳೇ ನಡೆದು ಹೋಗಬೇಕು, ಉಳಿದವರು ಹಿಂದಿನಿಂದ ಕೂಗಿ ರೇಗಿಸುತ್ತಿರುತ್ತಾರೆ. ಪೆನಾಲ್ಟಿ ಶೂಟೌಟ್‌ಗಳನ್ನು ಅಧ್ಯಯನ ಮಾಡಿದ ನಾರ್ವೆಯ ಗೈರ್ ಯೊರ್ಡೆಟ್ ಕಂಡುಕೊಂಡ ಪ್ರಕಾರ, ವಿಸಲ್ ಕೇಳಿದ್ದೇ ತಡ ಓಡಿಹೋಗಿ ಹೊಡೆಯುವವರು ಹೆಚ್ಚು ಮಿಸ್ ಮಾಡುತ್ತಾರೆ. ಅದಕ್ಕೇ ನಮ್ಮಲ್ಲಿ ವಿಸಲ್ ಆದ ಮೇಲೆ ಒಂದು ಉಸಿರು, ಆಮೇಲೆ ಓಟ.

ನಮ್ಮ ಕೀಪರ್‌ಗೆ ಆಸ್ಟ್ರೇಲಿಯಾದ ಕೀಪರ್ ಮೆಕೆಂಜಿ ಅರ್ನಾಲ್ಡ್ ಅಂದರೆ ಪ್ರಾಣ. 2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಕ್ವಾರ್ಟರ್ ಫೈನಲ್, ಬ್ರಿಸ್ಬೇನ್‌ನಲ್ಲಿ ಫ್ರಾನ್ಸ್ ಎದುರು ಶೂಟೌಟ್. ಆಸ್ಟ್ರೇಲಿಯಾದ ಐದನೇ ಕಿಕ್ ಹೊಡೆದದ್ದು ಅರ್ನಾಲ್ಡೇ. ಒಳಗೆ ಹೋಗಿದ್ದರೆ ಅಲ್ಲಿಗೆ ಗೆಲುವು. ಕಂಬಕ್ಕೆ ಬಡಿಯಿತು. ಮರುಗಳಿಗೆ ಅದೇ ಗೋಲಿನಲ್ಲಿ ಅವಳು ನಿಲ್ಲಬೇಕು. ಆಮೇಲೆ ಫ್ರಾನ್ಸಿನ ಕೆಂಜಾ ದಾಲಿಯ ಕಿಕ್ ತಡೆದಳು. ಅರ್ನಾಲ್ಡ್ ಕಾಲು ಗೋಲಿನ ಗೆರೆ ಬಿಟ್ಟಿತ್ತು ಅಂತ ಮತ್ತೆ ಹೊಡೆಸಿದರು, ಅದನ್ನೂ ತಡೆದಳು. ಕೊನೆಗೆ ಆಸ್ಟ್ರೇಲಿಯಾಗೆ 7–6ರ ಗೆಲುವು. ನಾನು ಒಂದು ತಾಸು ಹೇಳುವುದನ್ನು ಆ ವಿಡಿಯೊ ಎರಡು ನಿಮಿಷದಲ್ಲಿ ಹೇಳಿಬಿಡುತ್ತದೆ.

ಈಗಲೂ ಸೋಲುತ್ತೇವೆ. ಆದರೆ ಒಂದರ ಬೆನ್ನಿಗೆ ಇನ್ನೊಂದು ಗೋಲು ಬೀಳುವುದು ಅಪರೂಪ. ಇಂಟರ್ನಲ್ಸ್ ವಾರದಲ್ಲಿ ಮಾತ್ರ ಈ ಯಾವ ಉಪಾಯವೂ ಪೂರ್ತಿ ನಡೆಯುವುದಿಲ್ಲ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಮನೆಯಿಂದ ಫೋನು, "ಆಟ ಸಾಕು, ಓದ್ಕೋ" ಅಂತ. ಆ ವಾರ ಒತ್ತಡದ ಅಭ್ಯಾಸವನ್ನೆಲ್ಲ ಬದಿಗಿಟ್ಟು ಬರೀ ಪಾಸಿಂಗ್ ಆಡಿಸಿ, ಬೇಗ ಬಿಟ್ಟುಬಿಡುತ್ತೇನೆ. ಮನೆಯವರ ಜೊತೆ ಬೇಕಾದರೆ ನಾನೇ ಫೋನಿನಲ್ಲಿ ಮಾತಾಡುತ್ತೇನೆ.