700 ಗ್ರಾಂ ಮರಿಗೆ ಬೆಳಗಿನ ಜಾವ ಫಿಟ್ಸ್ ಬಂದಾಗ

ಚುಕ್ಕಿ ಮನೆಗೆ ಬಂದು ಅಂದಿಗೆ ಮೂರನೇ ದಿನ. 9 ವಾರದ ಹೆಣ್ಣು ನಾಯಿಮರಿ. ತೀರಾ ಚಿಕ್ಕ ತಳಿ, ತೂಕ 700 ಗ್ರಾಂ. ನನ್ನ ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಮಲಗಿಬಿಡುತ್ತಿದ್ದಳು. ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ನೆಲ ಕೆರೆಯುವಂಥ ಸದ್ದು ಕೇಳಿ ಎಚ್ಚರವಾಯಿತು. ದೀಪ ಹಾಕಿದೆ. ಚುಕ್ಕಿ ಒಂದು ಮಗ್ಗುಲಿಗೆ ಬಿದ್ದಿದ್ದಳು. ಕುತ್ತಿಗೆ ಹಿಂದಕ್ಕೆ ಸೆಟೆದಿತ್ತು, ಬಾಯಲ್ಲಿ ನೊರೆ ಬಂದಿತ್ತು. ನಾಲ್ಕೂ ಕಾಲು ಈಜುವ ಹಾಗೆ ಆಡುತ್ತಿದ್ದವು. ಉಗುರು ನೆಲಕ್ಕೆ ತಾಗಿ ಬರುತ್ತಿದ್ದ ಸದ್ದೇ ನನ್ನನ್ನು ಎಬ್ಬಿಸಿದ್ದು.

ನಾನು ಮೊದಲು ಮಾಡಿದ್ದೆಲ್ಲ ತಪ್ಪು. ಎತ್ತಿಕೊಂಡೆ, ಹೆಸರು ಕೂಗಿದೆ, ಮೆಲ್ಲಗೆ ಅಲ್ಲಾಡಿಸಿದೆ. ನಾಲಿಗೆ ಗಂಟಲಿಗೆ ಸಿಕ್ಕಿಕೊಂಡೀತು ಅಂತ ಬಾಯಿಗೆ ಬೆರಳು ಹಾಕಲು ಹೋದೆ. ಪಕ್ಕದಲ್ಲಿದ್ದ ತಂಗಿ ಕೈ ಹಿಡಿದು ನಿಲ್ಲಿಸಿದಳು. ಅವಳು ನಿಲ್ಲಿಸಿದ್ದು ಸರಿ. ಫಿಟ್ಸ್ ಬಂದ ನಾಯಿ ನಾಲಿಗೆ ನುಂಗುವುದಿಲ್ಲ. ಪ್ರಜ್ಞೆ ಇಲ್ಲದ ಹೊತ್ತಿನಲ್ಲಿ ಅದು ಗಟ್ಟಿಯಾಗಿ ಕಚ್ಚಿಬಿಡುತ್ತದೆ, ಅಷ್ಟೇ.

ತಂಗಿ ಡಾಕ್ಟರ್‌ಗೆ ಫೋನ್ ಮಾಡಿದಳು. ಅವರು ಕೇಳಿದ್ದು ಒಂದೇ ಪ್ರಶ್ನೆ. “ಕೊನೆಗೆ ಊಟ ಮಾಡಿದ್ದು ಯಾವಾಗಮ್ಮಾ?”

ನನ್ನ ಎದೆ ಧಸಕ್ಕೆಂದಿತು. ಹಿಂದಿನ ದಿನ ಸಂಜೆ ನಾಲ್ಕಕ್ಕೆ ತಿಂದಿದ್ದು. ಆಮೇಲೆ ಮನೆಯವರೆಲ್ಲ ಸೇರಿ ಆಡಿಸಿದ್ದೆವು. ಆಡಿ ಆಡಿ ಸುಸ್ತಾಗಿ ಹಾಗೇ ಮಲಗಿಬಿಟ್ಟಿದ್ದಳು. ಪಾಪ, ಮಲಗಿದೆ, ಸುಮ್ನೆ ಯಾಕೆ ಎಬ್ಬಿಸುವುದು ಅಂತ ರಾತ್ರಿಯ ಊಟ ಬಿಟ್ಟಿದ್ದೆ. 12 ತಾಸು ಹೊಟ್ಟೆ ಖಾಲಿ.

“ಸಕ್ಕರೆಯನ್ನ ಸ್ವಲ್ಪವೇ ಬಿಸಿನೀರಲ್ಲಿ ಗಟ್ಟಿಯಾಗಿ ಕದಡಿ. ಸೆಳೆತ ನಿಂತ ತಕ್ಷಣ ಬೆರಳಲ್ಲಿ ಒಸಡಿಗೆ ತಿಕ್ಕಿ. ಬಾಯಿಗೆ ಸುರಿಯಬೇಡಿ. ಬಟ್ಟೆ ಸುತ್ತಿಕೊಂಡು ಹೊರಟುಬಿಡಿ, ನಾನು ಬರ್ತೀನಿ” ಅಂದರು.

ಸೆಳೆತ ಒಟ್ಟು ಒಂದೂವರೆ ನಿಮಿಷ ಇದ್ದಿರಬಹುದು. ನನಗೆ ಅರ್ಧ ಗಂಟೆ ಆದ ಹಾಗಿತ್ತು. ನಿಂತ ಮೇಲೆ ಮೈ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಒಸಡು ಬಿಳಿಚಿತ್ತು, ಮುಟ್ಟಿದರೆ ತಣ್ಣಗಿತ್ತು. ದಾರಿಯುದ್ದಕ್ಕೂ ಎರಡೆರಡು ನಿಮಿಷಕ್ಕೆ ಬೆರಳ ತುದಿಯಲ್ಲಿ ಸಕ್ಕರೆ ಪಾಕ ತೆಗೆದು ಒಸಡಿಗೆ ಹಚ್ಚುತ್ತಾ ಹೋದೆ. ನುಂಗಲು ಆಗದ ಮರಿಗೆ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹಚ್ಚಿದರೆ ಆ ಭಯ ಕಡಿಮೆ, ಸಕ್ಕರೆಯೂ ಅಷ್ಟಿಷ್ಟು ಒಳಗೆ ಇಳಿಯುತ್ತದೆ.

ಆಸ್ಪತ್ರೆಯಲ್ಲಿ ಒಂದು ಹನಿ ರಕ್ತ ತೆಗೆದು ನೋಡಿದರು. ಸಕ್ಕರೆ ಅಂಶ ಡೆಸಿಲೀಟರಿಗೆ 34 ಮಿ.ಗ್ರಾಂ. ನಾಯಿಗಳಲ್ಲಿ ಇದು ಸುಮಾರು 80ರಿಂದ 120 ಇರಬೇಕು. 60ಕ್ಕಿಂತ ಕೆಳಗೆ ಹೋದರೆ ಕಮ್ಮಿ ಅಂತಲೇ ಲೆಕ್ಕ. ಮೈ ಬಿಸಿ 36.4 ಡಿಗ್ರಿ ಸೆಲ್ಸಿಯಸ್ ಇತ್ತು. ನಾಯಿಗೆ 38ರಿಂದ 39.2 ಡಿಗ್ರಿ ಇರಬೇಕು. ಮುಂಗಾಲಿನ ಆ ದಾರದಂಥ ರಕ್ತನಾಳಕ್ಕೆ ಸೂಜಿ ಸೇರಿಸಲು ಡಾಕ್ಟರ್ ಮೂರು ಸಲ ಪ್ರಯತ್ನಿಸಬೇಕಾಯಿತು. ಡೆಕ್ಸ್‌ಟ್ರೋಸ್ ಅನ್ನುವ ಸಕ್ಕರೆ ದ್ರವವನ್ನು ತೆಳುವಾಗಿಸಿ ನಿಧಾನಕ್ಕೆ ಕೊಟ್ಟರು. ಮರಿಯ ಕೆಳಗೆ ಬೆಚ್ಚಗಿನ ಪ್ಯಾಡ್ ಇಟ್ಟರು. ಅರ್ಧ ಗಂಟೆಯಲ್ಲಿ ಚುಕ್ಕಿ ತಲೆ ಎತ್ತಿದಳು. ಒಂದು ಗಂಟೆಯಲ್ಲಿ ತಟ್ಟೆ ನೆಕ್ಕುತ್ತಿದ್ದಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಇದು ಯಾಕೆ ಆಗುತ್ತದೆ ಅಂತ ಅವತ್ತು ಅವರು ಬಿಡಿಸಿ ಹೇಳಿದರು. ದೊಡ್ಡ ನಾಯಿ ಒಂದು ದಿನ ಊಟ ಬಿಟ್ಟರೂ ಅದರ ಲಿವರ್ ಕೂಡಿಟ್ಟ ಸಕ್ಕರೆ ಬಿಡುತ್ತದೆ, ಮೈಯ ಕೊಬ್ಬು ಕರಗುತ್ತದೆ. ಇಷ್ಟು ಪುಟ್ಟ ಮರಿಗೆ ಕೂಡಿಡಲು ಜಾಗವೇ ಇಲ್ಲ. ಲಿವರ್ ಚಿಕ್ಕದು, ಇನ್ನೂ ಬಲಿತಿಲ್ಲ. ಮಾಂಸ, ಕೊಬ್ಬು ಎರಡೂ ಕಮ್ಮಿ. ಮಿದುಳು ಮಾತ್ರ ಮೈಗೆ ಹೋಲಿಸಿದರೆ ದೊಡ್ಡದು, ಅದಕ್ಕೆ ಸಕ್ಕರೆ ಬೇಕೇ ಬೇಕು. ಒಂದು ಹೊತ್ತಿನ ಊಟ ತಪ್ಪುವುದು, ಚಳಿ, ಜಾಸ್ತಿ ಆಟ, ಹೊಸ ಮನೆಯ ಗಾಬರಿ, ಭೇದಿ, ಜಂತುಹುಳು, ಇವುಗಳಲ್ಲಿ ಯಾವ ಒಂದಾದರೂ ಸಾಕು. ಚುಕ್ಕಿಗೆ ಆ ರಾತ್ರಿ ಇವುಗಳಲ್ಲಿ ಹೆಚ್ಚಿನವು ಒಟ್ಟಿಗೇ ಆಗಿದ್ದವು.

ನಾನು ಈ ಬರಹದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಸಕ್ಕರೆ ಇಳಿದ ಪುಟ್ಟ ಮರಿಗೆ ಫಿಟ್ಸ್ ಬರುವುದು ಕೊನೆಯ ಹಂತ. ಅದಕ್ಕೂ ಮುಂಚೆ ಕೆಲವು ತಾಸು ಮರಿ ನಮಗೆ ಹೇಳುತ್ತಲೇ ಇರುತ್ತದೆ. ಆಟದ ಮಧ್ಯೆ ಸುಮ್ಮನೆ ಕೂತುಬಿಡುತ್ತದೆ. ನಡೆಯುವಾಗ ಹಿಂಗಾಲು ಓಲಾಡುತ್ತವೆ. ಕಣ್ಣು ನಮ್ಮ ಕಡೆ ಇದ್ದರೂ ನೋಟ ಇರುವುದಿಲ್ಲ. ಕಿವಿ, ಪಾದ ತಣ್ಣಗಾಗುತ್ತವೆ. ಚುಕ್ಕಿ ರಾತ್ರಿ ಎಂಟಕ್ಕೆ ಬಾಗಿಲ ಪಟ್ಟಿ ಎಡವಿ ಬಿದ್ದಿದ್ದಳು. ನಾವು ಮುದ್ದು ಅಂತ ನಕ್ಕಿದ್ದೆವು. ಆಗಲೇ ನಾಲ್ಕು ತುತ್ತು ತಿನ್ನಿಸಿದ್ದರೆ ಬೆಳಗಿನ ಜಾವದ ಸೆಳೆತ ಬರುತ್ತಿರಲಿಲ್ಲವೇನೋ.

ಮನೆಗೆ ಬಂದ ಮೇಲೆ ಒಂದು ಪುಸ್ತಕ ಇಟ್ಟೆ. ಎಷ್ಟು ಗಂಟೆಗೆ ತಿಂದಳು, ಎಷ್ಟು ತಿಂದಳು, ಮಲ ಹೇಗಿತ್ತು, ಬೆಳಗಿನ ತೂಕ ಎಷ್ಟು. ತೂಕಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅದರ ಮೇಲೊಂದು ಬಟ್ಟಲು. ಈ ವಯಸ್ಸಿನ ಮರಿಯ ತೂಕ ದಿನದಿನಕ್ಕೆ ಏರಬೇಕು. ಒಂದು ದಿನ ನಿಂತರೆ ಗಮನ ಕೊಡಬೇಕು. ಇಳಿದರೆ ಡಾಕ್ಟರ್‌ಗೆ ಹೇಳಬೇಕು. 700 ಗ್ರಾಂ ಮರಿಯಲ್ಲಿ 30 ಗ್ರಾಂ ಇಳಿದದ್ದು ಕಣ್ಣಿಗೆ ಕಾಣುವುದೇ ಇಲ್ಲ, ತಕ್ಕಡಿ ಮಾತ್ರ ಹೇಳುತ್ತದೆ. ಊಟ ನಾಲ್ಕು ತಾಸಿಗೊಮ್ಮೆ. ರಾತ್ರಿ 11ಕ್ಕೆ ಒಮ್ಮೆ, 3ಕ್ಕೆ ಒಮ್ಮೆ ಅಲಾರಂ. ಮರಿಗಳ ಆಹಾರವನ್ನು ಬೆಚ್ಚನೆ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಡುತ್ತಿದ್ದೆ. ಬೆಚ್ಚಗಿದ್ದರೆ ವಾಸನೆ ಚೆನ್ನಾಗಿ ಬರುತ್ತದೆ, ಬೇಗ ತಿನ್ನುತ್ತಾಳೆ. ಆಟ 15 ನಿಮಿಷ, ಆಮೇಲೆ ನಿದ್ದೆ. ಮಕ್ಕಳಿಗೆ ಇದನ್ನು ಒಪ್ಪಿಸುವುದೇ ಕಷ್ಟದ ಕೆಲಸ.

ಆರನೇ ದಿನ ಮಧ್ಯಾಹ್ನ ಮತ್ತೆ ಹಿಂಗಾಲು ಓಲಾಡಿದವು. ಈ ಸಲ ಕಾಯಲಿಲ್ಲ. ಎಚ್ಚರವಿದ್ದಳು, ನುಂಗುತ್ತಿದ್ದಳು. ಜೇನು ಒಸಡಿಗೆ ಹಚ್ಚಿದೆ, ಹತ್ತು ನಿಮಿಷದಲ್ಲಿ ಚೇತರಿಸಿಕೊಂಡಳು, ಕೂಡಲೇ ಊಟ ಕೊಟ್ಟೆ. ಜೇನಿನ ನಂತರ ಈ ಊಟ ಬಹಳ ಮುಖ್ಯ. ಬರೀ ಸಿಹಿ ಕೊಟ್ಟು ಬಿಟ್ಟರೆ ಸಕ್ಕರೆ ಮೇಲೇರಿ ಮತ್ತೆ ಇಳಿದುಬಿಡುತ್ತದೆ.

ನನಗೆ ಚಿಂತೆ ಹತ್ತಿದ್ದು ಬೇರೆ ಕಾರಣಕ್ಕೆ. ಪುಸ್ತಕದಲ್ಲಿ ನೋಡಿದರೆ ಊಟ ಆಗಿ ಎರಡೂವರೆ ತಾಸು ಮಾತ್ರ ಆಗಿತ್ತು. ತಿಂದರೂ ಯಾಕೆ ಇಳಿಯಿತು? ನಮ್ಮ ಡಾಕ್ಟರ್ ಅವತ್ತು ಇರಲಿಲ್ಲ. ಬೇರೊಂದು ಕಡೆ ಹೋದೆ. ಅಲ್ಲಿ ಹಿಂದಿನ ಫಿಟ್ಸಿನ ಮಾತು ಕೇಳಿದ ಕೂಡಲೇ ಫಿಟ್ಸಿನ ಮಾತ್ರೆ ಶುರು ಮಾಡೋಣ, ಜೀವನಪೂರ್ತಿ ಕೊಡಬೇಕಾಗಬಹುದು ಅಂದರು. ರಕ್ತವನ್ನೂ ನೋಡಲಿಲ್ಲ, ಮಲವನ್ನೂ ಕೇಳಲಿಲ್ಲ. ನಾನು ಪುಸ್ತಕ ಮುಂದಿಟ್ಟು, ದಯವಿಟ್ಟು ಮೊದಲು ಸಕ್ಕರೆ ನೋಡಿ ಅಂದೆ. ಜೇನು, ಊಟ ಎರಡೂ ಆದ ಮೇಲೂ 58 ಬಂತು. ಮಾತ್ರೆ ತೆಗೆದುಕೊಳ್ಳದೆ ಬಂದೆ. ಕಾರಣ ಗೊತ್ತಿಲ್ಲದ ಮಾಮೂಲಿ ಮೂರ್ಛೆ ರೋಗ ನಾಯಿಗಳಲ್ಲಿ ಸಾಮಾನ್ಯವಾಗಿ ಶುರುವಾಗುವುದು 6 ತಿಂಗಳ ನಂತರ. ಎರಡು ತಿಂಗಳ ಮರಿಗೆ ಫಿಟ್ಸ್ ಬಂದರೆ ಮೊದಲು ಬೇರೆ ಕಾರಣ ಹುಡುಕಬೇಕು.

ಮಾರನೇ ದಿನ ನಮ್ಮ ಡಾಕ್ಟರ್ ಮಲ ಪರೀಕ್ಷೆ ಮಾಡಿದರು. ದುಂಡು ಜಂತುಹುಳುವಿನ ಮೊಟ್ಟೆ ಇತ್ತು, ಕಾಕ್ಸಿಡಿಯಾ ಅನ್ನುವ ಕಣ್ಣಿಗೆ ಕಾಣದ ಪರಾವಲಂಬಿಯೂ ಇತ್ತು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಮರಿಗೆ ಹುಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಬರುತ್ತದೆ, ಹಾಲಿನಲ್ಲೂ ಬರುತ್ತದೆ. ಅದಕ್ಕೇ 2 ವಾರದ ವಯಸ್ಸಿನಿಂದಲೇ ಹುಳುವಿನ ಔಷಧಿ ಕೊಡುತ್ತಾ ಬರಬೇಕು. ಮರಿ ಕೊಟ್ಟವರು ಕೊಟ್ಟಿದ್ದೇವೆ ಅಂದಿದ್ದರು. ನಾನು ದಿನಾಂಕ ಕೇಳಿರಲಿಲ್ಲ. ಈಗ ಯಾರ ಮನೆಗೆ ಮರಿ ಬಂದರೂ ದಿನಾಂಕ ಮತ್ತು ಔಷಧಿಯ ಹೆಸರು ಬರೆಸಿಕೊಳ್ಳಿ ಅನ್ನುತ್ತೇನೆ. ಚಿಕಿತ್ಸೆ ಆದ ಮೇಲೆ ತೂಕ ದಿನಕ್ಕೆ ಇಷ್ಟಿಷ್ಟೇ ಏರತೊಡಗಿತು.

ಎಲ್ಲ ಫಿಟ್ಸೂ ಸಕ್ಕರೆ ಇಳಿದದ್ದರಿಂದಲೇ ಬರುವುದಿಲ್ಲ. ನಮ್ಮ ಡಾಕ್ಟರ್ ತಲೆಯಲ್ಲಿ ಬೇರೆ ಹಲವು ಕಾರಣಗಳಿದ್ದವು, ಒಂದೊಂದನ್ನೇ ಬದಿಗಿಟ್ಟರು. ಕೆಲವು ಮರಿಗಳಲ್ಲಿ ಹುಟ್ಟಿನಿಂದಲೇ ರಕ್ತ ಲಿವರ್‌ನ ಒಳಗೆ ಹೋಗದೆ ಪಕ್ಕದ ದಾರಿಯಲ್ಲಿ ಹೋಗುತ್ತದೆ. ಇದನ್ನು ಲಿವರ್ ಶಂಟ್ ಅನ್ನುತ್ತಾರೆ. ಅಂಥ ಮರಿ ಬೆಳೆಯುವುದಿಲ್ಲ. ಊಟ ಆದ ಮೇಲೆ ಮಂಕಾಗುತ್ತದೆ, ಗೋಡೆಗೆ ತಲೆ ಒತ್ತುತ್ತದೆ. ಚುಕ್ಕಿಗೆ ಊಟಕ್ಕೆ ಮುಂಚೆ ಮತ್ತು ನಂತರ ಪಿತ್ತದ ಆಮ್ಲದ ರಕ್ತ ಪರೀಕ್ಷೆ ಮಾಡಿದರು, ಸರಿಯಾಗಿತ್ತು. ಗುಂಡು ತಲೆಯ ಪುಟ್ಟ ತಳಿಗಳಲ್ಲಿ ಮಿದುಳಿನಲ್ಲಿ ನೀರು ತುಂಬುವುದೂ ಉಂಟು. ಅದಕ್ಕೆ ನೆತ್ತಿ ಮುಟ್ಟಿ ನೋಡಿದರು. ಮೂಗು, ಕಣ್ಣು ಸೋರುವುದು, ಕೆಮ್ಮು, ದವಡೆ ತಾನಾಗಿ ಅಗಿಯುವ ಹಾಗೆ ಆಡುವುದು ಇದ್ದರೆ ಡಿಸ್ಟೆಂಪರ್ ಅನ್ನುವ ವೈರಸ್ ರೋಗ ಅಂತ ಅನುಮಾನ ಪಡಬೇಕು. ಕೊನೆಗೆ ವಿಷ. ಚಾಕೊಲೇಟ್, ಬಸವನಹುಳು ಕೊಲ್ಲುವ ಮದ್ದು, ದೊಡ್ಡ ನಾಯಿಗೆ ಹಾಕುವ ಉಣ್ಣಿಯ ಔಷಧಿಯನ್ನು ಅಳತೆ ಮೀರಿ ಹಾಕುವುದು, ಎಲ್ಲವೂ ಅಪಾಯ. ಇನ್ನೊಂದು ಜೈಲಿಟಾಲ್. ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನಲ್ಲಿ, ಕೆಲವು ಟೂತ್‌ಪೇಸ್ಟಿನಲ್ಲಿ ಇರುವ ಸಿಹಿ ಅದು. ನಮಗೆ ಏನೂ ಆಗುವುದಿಲ್ಲ. ನಾಯಿಯ ಮೈ ಮಾತ್ರ ಅದಕ್ಕೆ ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ನೆಲಕ್ಕೆ ಇಳಿಸುತ್ತದೆ. ಹಾಗಾಗಿ ಗಾಬರಿಯಲ್ಲಿ ಒಸಡಿಗೆ ಹಚ್ಚಲು ಡಯಟ್ ಸಿಹಿಯ ಬಾಟಲಿ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.

ಸೆಳೆತ ಬಂದ ಹೊತ್ತಿನಲ್ಲಿ ಮಾಡಬೇಕಾದ್ದು ನಿಜವಾಗಿ ಬಹಳ ಕಡಿಮೆ. ಎತ್ತರದ ಜಾಗದಲ್ಲಿದ್ದರೆ ನೆಲಕ್ಕೆ ಇಳಿಸಿ. ಸುತ್ತ ತಾಗುವಂಥದ್ದು ಸರಿಸಿ. ದೀಪ, ಸದ್ದು ಕಡಿಮೆ ಮಾಡಿ. ಗಡಿಯಾರ ನೋಡಿ. ಇನ್ನೊಬ್ಬರಿದ್ದರೆ ವಿಡಿಯೊ ಮಾಡಲಿ. ನಮ್ಮ ವಿವರಣೆಗಿಂತ ಹತ್ತು ಸೆಕೆಂಡಿನ ವಿಡಿಯೊ ಡಾಕ್ಟರ್‌ಗೆ ಜಾಸ್ತಿ ಹೇಳುತ್ತದೆ. ಐದು ನಿಮಿಷ ದಾಟಿದರೆ, ಅಥವಾ ಒಂದೇ ದಿನದಲ್ಲಿ ಎರಡನೇ ಸಲ ಬಂದರೆ, ಜೀವಕ್ಕೇ ಅಪಾಯ. ಹಾಗಂತ ಇಷ್ಟು ಚಿಕ್ಕ ಮರಿಗೆ ನಾನಂತೂ ಐದು ನಿಮಿಷ ಲೆಕ್ಕ ಹಾಕುತ್ತಾ ಕೂರುವುದಿಲ್ಲ. ಮೊದಲ ನಿಮಿಷದಲ್ಲೇ ಫೋನ್, ನಿಂತ ಕೂಡಲೇ ಆಸ್ಪತ್ರೆ. ನಿಂತ ಮೇಲೆ ಸ್ವಲ್ಪ ಹೊತ್ತು ಕಣ್ಣು ಕಾಣದ ಹಾಗೆ ಗೋಡೆಗೆ ಡಿಕ್ಕಿ ಹೊಡೆಯಬಹುದು, ನಿಮ್ಮ ಗುರುತೂ ಸಿಗದಿರಬಹುದು. ಅದು ಕಳೆಯುತ್ತದೆ. ತಣ್ಣಗಾದ ಮರಿಗೆ ಬಿಸಿನೀರಿನ ಬಾಟಲಿ ನೇರವಾಗಿ ತಾಗಿಸಬೇಡಿ, ಚರ್ಮ ಸುಡುತ್ತದೆ. ಟವೆಲ್ಲಿನಲ್ಲಿ ಸುತ್ತಿ ಇಡಿ, ಇಲ್ಲವೇ ನಿಮ್ಮ ಎದೆಗೆ ಒತ್ತಿಕೊಳ್ಳಿ. ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆ ಬೇಡವೇ ಬೇಡ.

ಕಾಯಬೇಡಿ ಅಂತ ಇಷ್ಟು ಒತ್ತಿ ಹೇಳಲು ಕಾರಣವಿದೆ. ಚುಕ್ಕಿಗಿಂತ ಮುಂಚೆ ಒಂದು ಗಂಡು ಮರಿ ತಂದಿದ್ದೆ. ಹತ್ತು ವಾರ. ಒಂದು ಸಂಜೆ ಎರಡು ಸಲ ವಾಂತಿ ಮಾಡಿತು, ಊಟ ಮುಟ್ಟಲಿಲ್ಲ, ಮೂಲೆಯಲ್ಲಿ ಮುದುಡಿ ಕೂತಿತು. ಏನೋ ತಿಂದಿರಬೇಕು, ಬೆಳಿಗ್ಗೆ ನೋಡೋಣ ಅಂದುಕೊಂಡೆ. ರಾತ್ರಿ ಎರಡಕ್ಕೆ ರಕ್ತ ಭೇದಿ ಶುರುವಾಯಿತು. ಪಾರ್ವೋ ಅನ್ನುವ ವೈರಸ್ ರೋಗ. ಬೆಳಿಗ್ಗೆ ಆಸ್ಪತ್ರೆ ಬಾಗಿಲು ತೆರೆಯುವ ಹೊತ್ತಿಗೆ ಮೈಯಲ್ಲಿ ನೀರೇ ಉಳಿದಿರಲಿಲ್ಲ. ಡ್ರಿಪ್ ಹಾಕಿದರು, ಸಂಜೆಗೆ ಹೋಗಿಬಿಟ್ಟಿತು. ಮೊದಲ ಲಸಿಕೆ ಆಗಿತ್ತು, ಇನ್ನೇನು ಭಯ ಅಂದುಕೊಂಡಿದ್ದೆ. ತಾಯಿಯಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವ ತನಕ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, 16 ವಾರ ತುಂಬುವವರೆಗೂ 2ರಿಂದ 4 ವಾರಕ್ಕೊಮ್ಮೆ ಹಾಕಿಸುತ್ತಾರೆ. ಆ ಪಾರ್ವೋ ವೈರಸ್ ಮನೆಯಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಮಾಮೂಲಿ ನೆಲ ಒರೆಸುವ ದ್ರವಕ್ಕೆ ಸಾಯುವುದಿಲ್ಲ, ನೀರಲ್ಲಿ ಬೆರೆಸಿದ ಬ್ಲೀಚ್ ಬೇಕು. ಚುಕ್ಕಿಯನ್ನು ತರಲು ನಾನು ಒಂದು ವರ್ಷಕ್ಕೂ ಮೇಲೆ ಕಾದೆ. ಆ ಮರಿಯ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಚುಕ್ಕಿಯ ರಾತ್ರಿ 3ರ ಅಲಾರಂ ನಿಲ್ಲಿಸಿದೆವು. ಐದು ತಿಂಗಳಿಗೆ ದಿನಕ್ಕೆ ನಾಲ್ಕು ಊಟ ಸಾಕಾಯಿತು. ಮತ್ತೆ ಸಕ್ಕರೆ ಇಳಿದಿಲ್ಲ.

ಒಂದು ಸಂದರ್ಭ ಮಾತ್ರ ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ಮರಿ ಆಗದ ಹಾಗೆ ಆಪರೇಷನ್ ಮಾಡಿಸುವ ದಿನ. ಆಪರೇಷನ್ ಅಂದರೆ ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇಡುವುದು ರೂಢಿ ಅಲ್ವಾ? ನಾನು ಹಳೆಯ ಪುಸ್ತಕ ತೆಗೆದುಕೊಂಡು ಹೋಗಿ ಡಾಕ್ಟರ್ ಜೊತೆ ಮಾತಾಡಿದೆ. ಅವರು ಅವಳನ್ನು ಬೆಳಗಿನ ಮೊದಲ ಸರದಿಗೆ ಹಾಕಿಕೊಂಡರು. ಉಪವಾಸ ಕೆಲವೇ ತಾಸು ಸಾಕು ಅಂದರು. ಅರಿವಳಿಕೆ ಕೊಡುವ ಮುಂಚೆ ಒಮ್ಮೆ, ಎಚ್ಚರವಾದ ಮೇಲೆ ಒಮ್ಮೆ ಸಕ್ಕರೆ ನೋಡಿದರು. ಎರಡು ಸಲವೂ 90ರ ಮೇಲಿತ್ತು. ಮಧ್ಯಾಹ್ನ ಮನೆಗೆ ಬಂದು ಎರಡು ಚಮಚೆ ತಿಂದು, ನನ್ನ ತೊಡೆಯ ಮೇಲೆ ಮಲಗಿದಳು.