ಶರಣರ ಊರುಗಳಿಗೆ ಹೊರಟಿದ್ದೀರಾ? ಸಂಗಮ ಕೊನೆಗಿರಲಿ

ಬಸವಣ್ಣನ ಊರುಗಳನ್ನು ನೋಡಿ ಬರ್ತೀವಿ ಎಂದು ಕಾರು ಹತ್ತಿದ ನೆಂಟರನ್ನು ಬೇಕಾದಷ್ಟು ನೋಡಿದ್ದೇನೆ. ಬಂದ ಮೇಲೆ ಎಲ್ಲರ ಫೋನಿನಲ್ಲೂ ಅವೇ ಎರಡು ಫೋಟೊ. ತಪ್ಪು ಶುರುವಾಗುವುದು ಮ್ಯಾಪಿನಿಂದ. ಬೆಂಗಳೂರು ಕಡೆಯಿಂದ ಹೋದರೆ ದಾರಿಯಲ್ಲಿ ಮೊದಲು ಸಿಗುವುದು ಕೂಡಲಸಂಗಮ. ಅಂದರೆ ಮೊದಲ ದಿನವೇ ಬಸವಣ್ಣ ಐಕ್ಯ, ಮರುದಿನ ಹುಟ್ಟಿದ ಊರು ಬಸವನ ಬಾಗೇವಾಡಿ! ಹಿಂದಿನ ಸೀಟಿನ ಮಕ್ಕಳಿಗೆ ಏನು ಅರ್ಥವಾಗಬೇಕು?

1. ಹೊರಡುವ ಮುಂಚೆ

ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಬಸವ ಜಯಂತಿಗೇ ಹೋಗಬೇಕು ಎಂಬ ಆಸೆ ಬಿಡಿ. ಅದು ಬರುವುದು ಅಕ್ಷಯ ತದಿಗೆಗೆ, ಆ ಬಿಸಿಲು ನಿಮಗೆ ಆಗುವುದಿಲ್ಲ. ಜನವರಿಯಲ್ಲಿ ಸಂಗಮದಲ್ಲಿ ಶರಣ ಮೇಳ ನಡೆಯುತ್ತದೆ. ಆ ದಿನಗಳಲ್ಲಿ ರೂಮಿನ ಆಸೆಯೂ ಬೇಡ.

ಐದು ದಿನ ಬೇಕು. ಮೂರೇ ದಿನ ರಜೆ ಇದ್ದರೆ ಬಸವಕಲ್ಯಾಣ ಬಿಟ್ಟು ಬಾಗೇವಾಡಿ, ಸಂಗಮ ಮಾತ್ರ ನೋಡಿ. ಇನ್ನೊಂದು ಮಾತು: ಗಾಜಿಗೆ ಅಂಟಿಸುವ ಅಗ್ಗದ ಮೊಬೈಲ್ ಹೋಲ್ಡರ್ ತರಲೇಬೇಡಿ. ಮಧ್ಯಾಹ್ನದ ಬಿಸಿಲಿಗೆ ಅದು ಕಳಚಿ ಬ್ರೇಕಿನ ಹತ್ತಿರ ಬೀಳುತ್ತದೆ. ನಮ್ಮದು ಎರಡು ಸಲ ಬಿತ್ತು.

2. ಬಾಗೇವಾಡಿ

ಮೊದಲ ದಿನ ಸುಮ್ನೆ ಕಾರು ಓಡಿಸಿ. ಕೂಡಲಸಂಗಮ ಕ್ರಾಸ್ ಬಂದಾಗ ಮನೆಯವರು ಏನೇ ಹೇಳಲಿ, ತಿರುಗಿಸಬೇಡಿ. ಆಲಮಟ್ಟಿಯ ಉದ್ಯಾನದಲ್ಲಿ ಮಕ್ಕಳನ್ನು ಅರ್ಧ ಗಂಟೆ ಬಿಟ್ಟರೆ ಸಾಕು. ಮರುದಿನ ಬೆಳಿಗ್ಗೆ ಬಸವನ ಬಾಗೇವಾಡಿಯ ಸ್ಮಾರಕ ಮತ್ತು ದೇವಸ್ಥಾನ, ಆಮೇಲೆ ಹತ್ತಿರದ ಇಂಗಳೇಶ್ವರ. ಅದು ಬಸವಣ್ಣನ ತಾಯಿಯ ತವರು. ಅಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಓದಲು ಬಂದ ಮಗುವಿಗೆ ಒಂದನ್ನು ಹುಡುಕಿ ಓದು ಎಂದು ಹೇಳಿ, ನೀವು ನೆರಳಲ್ಲಿ ಕೂರಿ.

3. ಕಲಬುರಗಿಗೆ

ದೇವರ ಹಿಪ್ಪರಗಿ ಮೇಲೆ ಹೋಗಿ. ಮಡಿವಾಳ ಮಾಚಯ್ಯನ ಊರು ಅದು. ರಾತ್ರಿ ಕಲಬುರಗಿಯಲ್ಲಿ ಉಳಿಯಿರಿ.

4. ಕಲ್ಯಾಣ: ಎಲ್ಲರೂ ಎಡವುವುದು ಇಲ್ಲೇ

ಬಸವಕಲ್ಯಾಣಕ್ಕೆ ಹನ್ನೊಂದಕ್ಕೆ ಬಂದು, 108 ಅಡಿ ಬಸವಣ್ಣನ ಮುಂದೆ ಫೋಟೊ ತೆಗೆಸಿಕೊಂಡು, ಕಲ್ಯಾಣ ಆಯ್ತು ಎಂದು ಹೊರಟುಬಿಡುತ್ತಾರೆ. ಆ ಪ್ರತಿಮೆ ನಿಂತದ್ದು 2012ರಲ್ಲಿ. ಹನ್ನೆರಡನೇ ಶತಮಾನದ ನೆನಪು ಇರುವುದು ಊರ ತುಂಬ ಚದುರಿದ ಜಾಗಗಳಲ್ಲಿ. ಒಂದು ಕೋಟೆ, ತ್ರಿಪುರಾಂತಕ ಕೆರೆ, ಅದರ ಸುತ್ತಮುತ್ತಲ ಗವಿಗಳು.

ಹಾಗಾಗಿ ಕಲಬುರಗಿಯನ್ನು ಆರಕ್ಕೇ ಬಿಡಿ. ಊರು ಮುಟ್ಟಿದ ಮೇಲೆ ಕಾರು ನಿಲ್ಲಿಸಿ ಆಟೊ ಹಿಡಿಯಿರಿ, ಗಲ್ಲಿಗಳಲ್ಲಿ ಕಾರು ತಿರುಗಿಸುವ ಒದ್ದಾಟ ಬೇಡ. 'ಎಲ್ಲಾ ತೋರಿಸಪ್ಪಾ' ಅಂದರೆ ಆಟೊ ಸೀದಾ ಪ್ರತಿಮೆಗೆ ಹೋಗುತ್ತದೆ. ಹೆಸರು ಹಿಡಿದು ಕೇಳಿ: ಅಕ್ಕಮಹಾದೇವಿ ಗವಿ, ಅಕ್ಕ ನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ. ಅನುಭವ ಮಂಟಪ ಅಂತ ಮಾತ್ರ ಹೇಳಿದರೂ ಗೊಂದಲ, ಯಾಕೆಂದರೆ ಹೊಸದೊಂದಕ್ಕೆ 2021ರಲ್ಲಿ ಅಡಿಗಲ್ಲು ಹಾಕಿದ್ದಾರೆ. ಹಳೇ ಮಂಟಪ ಎಂದೇ ಹೇಳಿ.

ಬಿಸಿಲೇರುವ ಮುಂಚೆ ಗವಿ, ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ, ನಿದ್ದೆ, ನಾಲ್ಕಕ್ಕೆ ಕೋಟೆ. ಪ್ರತಿಮೆಯನ್ನು ಮರುದಿನ ಊರು ಬಿಡುವಾಗ ನೋಡಿ. ಗವಿಗೆ ಟಾರ್ಚ್ ಇರಲಿ. ಬ್ಯಾಟರಿ ಉಳಿಸಲು ಮೊಬೈಲ್ ಬೆಳಕು ಸಾಕು ಎಂದವರು ತಲೆ ಬಡಿಸಿಕೊಂಡದ್ದನ್ನು ನೋಡಿದ್ದೇನೆ.

ಗವಿಯಲ್ಲಿ ನೋಡಲು ಏನೂ ಇಲ್ಲ ಎಂದು ಮಕ್ಕಳು ಮುಖ ಗಂಟಿಕ್ಕುತ್ತಾರೆ. ಅದಕ್ಕೊಂದು ಉಪಾಯ. ಬ್ಯಾಗಿನಲ್ಲಿ ಒಂದು ಹಿಡಿ ತೆಂಗಿನ ನಾರು ಒಯ್ಯಿರಿ. ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ಶರಣ. ಹುಲ್ಲು ಕೊಯ್ಯುವಾಗ ಮೈಮೇಲೆ ಧರಿಸಿದ್ದ ಇಷ್ಟಲಿಂಗ ಕೆರೆಗೆ ಬಿತ್ತಂತೆ. ಅವನು ಹುಡುಕಲೇ ಇಲ್ಲ, ಹೊರೆ ಹೊತ್ತು ನಡೆದುಬಿಟ್ಟ. ಲಿಂಗವೇ ಅವನ ಹಿಂದೆ ಬಂತಂತೆ. ಈ ಕಥೆ ಹೇಳುತ್ತಾ ನಾರನ್ನು ಮಕ್ಕಳ ಕೈಗೆ ಕೊಡಿ. ನನ್ನ ಮಗಳು ಒಂದು ಗೇಣು ಹೊಸೆಯುವಷ್ಟರಲ್ಲಿ ಅಂಗೈ ಕೆಂಪಾಗಿ, 'ಇದನ್ನ ದಿನಾ ಮಾಡ್ತಿದ್ನಾ?' ಎಂದಳು.

ಈ ಹೊತ್ತಿಗೆ ಯಾರಾದರೂ 'ಇಷ್ಟು ದೂರ ಬಂದಿದ್ದೀವಿ, ತುಳಜಾಪುರ, ಗಾಣಗಾಪುರ ಎಲ್ಲಾ ಮುಗಿಸ್ಬಿಡೋಣ' ಅಂದೇ ಅನ್ನುತ್ತಾರೆ. ಒಪ್ಪಬೇಡಿ. ಅವಕ್ಕೆ ಇನ್ನೊಮ್ಮೆ ಬನ್ನಿ.

5. ಸಂಗಮಕ್ಕೆ ಇಳಿಯುವುದು

ಕಲ್ಯಾಣದಿಂದ ಸಂಗಮಕ್ಕೆ ಹೆಚ್ಚುಕಡಿಮೆ ದಿನವೇ ಹೋಗುತ್ತದೆ. ಮ್ಯಾಪ್ ತೋರಿಸುವ ಹೊಲದ ಹಾದಿ ಹಿಡಿಯಬೇಡಿ. ಇಪ್ಪತ್ತು ನಿಮಿಷ ಉಳಿಸಲು ಹೋಗಿ, ಅಕಾಲ ಮಳೆ ಬಿದ್ದ ಎರೆ ಮಣ್ಣಿನಲ್ಲಿ ನಮ್ಮ ಚಕ್ರ ಅರ್ಧ ಹೂತಿತ್ತು. ಟ್ರ್ಯಾಕ್ಟರ್ ಬಂದು ಎಳೆಯುವ ತನಕ ಎರಡು ಗಂಟೆ ಜೋಳದ ಹೊಲ ನೋಡುತ್ತಾ ನಿಂತೆವು.

ಕೃಷ್ಣೆ, ಮಲಪ್ರಭೆ ಕೂಡುವ ಜಾಗ ಇದು. ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗದಿರಲಿ ಎಂದು ಐಕ್ಯ ಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಸೇತುವೆ ಮೇಲೆ ನಡೆದು, ಮೆಟ್ಟಿಲಿಳಿದು ತಳ ಮುಟ್ಟಬೇಕು. ಬೆಳಿಗ್ಗೆಯೇ ಹೋಗಿ. ಚಪ್ಪಲಿ ಬಿಟ್ಟ ಮೇಲೆ ಮಧ್ಯಾಹ್ನ ಕಾಲಿಡಲು ಆಗುವುದಿಲ್ಲ. ಮಂಡಿ ನೋವಿನವರು ಮೇಲಿಂದಲೇ ಕೈಮುಗಿಯಲಿ. ಇಳಿಯುವುದಲ್ಲ, ಹತ್ತುವುದು ಕಷ್ಟ.

ನಮ್ಮ ಅತ್ತೆ ಮೇಲೇ ಕೂತರು, ಸ್ವಲ್ಪ ಬೇಜಾರಿನಲ್ಲೇ. ಅಂಥವರನ್ನು ತಂಗಡಗಿಗೆ ಕರೆದುಕೊಂಡು ಹೋಗಲೇಬೇಕು. ಕೃಷ್ಣೆಯ ದಡದ ಆ ಊರು ಬಸವಣ್ಣನ ಹೆಂಡತಿ ನೀಲಾಂಬಿಕೆಯ ಐಕ್ಯ ಸ್ಥಳ. ಸಂಗಮಕ್ಕೆ ಬಾ ಎಂದು ಬಸವಣ್ಣ ಹೇಳಿ ಕಳಿಸಿದಾಗ, ಅಲ್ಲಿರುವ ಸಂಗಯ್ಯ (ಕೂಡಲಸಂಗಮದೇವ) ಇಲ್ಲಿಲ್ಲವೇ ಎಂದು ಆಕೆ ಇಲ್ಲೇ ನಿಂತಳಂತೆ. ಕಥೆ ಕೇಳಿ ಅತ್ತೆ, 'ಹಂಗಾದ್ರ ನಾ ಮ್ಯಾಲ ಕುಂತದ್ದೂ ಲೆಕ್ಕಕ್ಕ ಬಂತು ಬಿಡು' ಎಂದರು.

ತಂಗಡಗಿಯನ್ನು ನಾಲ್ಕಕ್ಕೇ ಬಿಡಿ. ಕಬ್ಬಿನ ಕಾಲದಲ್ಲಿ ಕತ್ತಲಾದ ಮೇಲೆ ಹಿಂದೆ ದೀಪವಿಲ್ಲದ ಜೋಡಿ ಟ್ರೇಲರ್‌ಗಳು ರಸ್ತೆ ತುಂಬ ಇರುತ್ತವೆ.