ಬಹುಮಾನ, ಶಿಸ್ತು ಮತ್ತು ಮಕ್ಕಳ ಮನೋಸ್ಥೈರ್ಯ: ಶಿಕ್ಷಕರಿಗೊಂದು ಕೈಪಿಡಿ

ಸೋತ ಮೇಲೂ ಮತ್ತೆ ಪ್ರಯತ್ನಿಸುವ ಸ್ಥೈರ್ಯ ಮಕ್ಕಳಲ್ಲಿ ಬೆಳೆಯಬೇಕಾದರೆ, ತರಗತಿಯಲ್ಲಿ ನಾವು ಯಾವುದನ್ನು ಮೆಚ್ಚುತ್ತೇವೆ, ತಪ್ಪನ್ನು ಹೇಗೆ ತಿದ್ದುತ್ತೇವೆ ಎಂಬುದನ್ನು ಮೊದಲು ಪರಿಶೀಲಿಸಿಕೊಳ್ಳಬೇಕು.

‘ನೀನು ಬುದ್ಧಿವಂತೆ’ ಎನ್ನುವ ಬದಲು, ‘ಉತ್ತರ ಬಾರದಿದ್ದಾಗ ಚಿತ್ರ ಬರೆದು ನೋಡಿದೆಯಲ್ಲ, ಅದು ಒಳ್ಳೆಯ ದಾರಿ’ ಎಂದು ಮಗು ಮಾಡಿದ ಕೆಲಸವನ್ನೇ ಗುರುತಿಸಿ ಹೇಳಿ. ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿಗಾಗಿ ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಕಠಿಣ ಸಮಸ್ಯೆಗಳಲ್ಲಿ ಸೋತ ಬಳಿಕ ಆಸಕ್ತಿ ಕಳೆದುಕೊಂಡರೆ, ಪರಿಶ್ರಮಕ್ಕಾಗಿ ಹೊಗಳಿಸಿಕೊಂಡವರು ಹೆಚ್ಚು ಪಟ್ಟು ಹಿಡಿದು ಪ್ರಯತ್ನಿಸಿದರು.

ಬಹುಮಾನದಲ್ಲೂ ಎಚ್ಚರವಿರಲಿ: ಮಗು ಇಷ್ಟಪಟ್ಟು ಓದುತ್ತಿರುವ ಕಥೆಪುಸ್ತಕಕ್ಕೆ ಪೆನ್ನು, ನಕ್ಷತ್ರದ ಗುರುತುಗಳ ಆಮಿಷ ಒಡ್ಡಬೇಡಿ; ಓದಿನ ಖುಷಿಯ ಜಾಗಕ್ಕೆ ಬಹುಮಾನದ ಆಸೆ ಬರಬಾರದು.

ಶಿಸ್ತಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ; ಆದ್ದರಿಂದ ಎಲ್ಲರೆದುರು ಬೆಂಚಿನ ಮೇಲೆ ನಿಲ್ಲಿಸಿ ಹೀಯಾಳಿಸುವುದನ್ನು ಸಣ್ಣ ಶಿಕ್ಷೆಯೆಂದು ಭಾವಿಸಬಾರದು. ಅವಮಾನಗೊಂಡ ಮಗು ತಪ್ಪನ್ನು ತಿದ್ದಿಕೊಳ್ಳುವುದಕ್ಕಿಂತ ಬಚ್ಚಿಡುವುದನ್ನು ಬೇಗ ಕಲಿಯುತ್ತದೆ ಎಂಬುದು ನನ್ನ ದೃಢ ನಂಬಿಕೆ. ಮಗುವನ್ನು ಪ್ರತ್ಯೇಕವಾಗಿ ಕರೆದು, ಏನಾಯಿತು, ಯಾರಿಗೆ ನೋವಾಯಿತು, ಅದನ್ನು ಸರಿಪಡಿಸಲು ಏನು ಮಾಡಬಹುದು ಎಂದು ಕೇಳಿ, ಅದು ಹೇಳುವುದನ್ನು ಪೂರ್ತಿ ಆಲಿಸಿ. ಮನೆಗೆಲಸ ಬರೆಯದ ಮಗು ರಾತ್ರಿ ತಮ್ಮನನ್ನು ನೋಡಿಕೊಳ್ಳುತ್ತಿದ್ದಿರಲೂಬಹುದು. ಹರಿದ ಪುಸ್ತಕವನ್ನು ಅಂಟಿಸಿಕೊಡುವಂತಹ, ತಪ್ಪಿಗೆ ನೇರವಾಗಿ ಸಂಬಂಧಿಸಿದ ಹೊಣೆಯನ್ನು ವಹಿಸಿ, ಅದು ಮುಗಿದ ಮರುದಿನ ಆ ಪ್ರಸಂಗವನ್ನು ಮತ್ತೆ ಎತ್ತಬೇಡಿ.